ನಾಲ್ಕು ಮೂಲೆಗೆ ಇಬ್ಬರು

ಫೆಬ್ರವರಿ 11

ಅಮ್ಮಾ,

ಮೂರನೆಯ ಸಾಲಿನಲ್ಲಿ ಕೂತಿದ್ದ ಹೆಂಗಸೊಬ್ಬರು ನಡುವೆಯೇ ಎದ್ದು ಹೋದರು ಎಂದು ಬಾಗಿಲಲ್ಲಿ ಟಿಕೆಟ್ ನೋಡುವವನು ಹೇಳಿದ. ಸದ್ದಾಗಬಾರದೆಂದು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಹೋದರಂತೆ. ಅಷ್ಟು ಕೇಳಿದ ಕೂಡಲೇ ಅದು ನೀನೇ ಎಂದು ಗೊತ್ತಾಯಿತು. ಇಡೀ ಸಭಾಂಗಣ ಬಿದ್ದು ಬಿದ್ದು ನಗುತ್ತಿತ್ತು. ನಿನ್ನ ಚಪ್ಪಲಿಯ ಸದ್ದು ಯಾರಿಗೆ ಕೇಳಿಸುತ್ತಿತ್ತು?

ನಾನು ಕುಣಿಯಲು ಶುರು ಮಾಡಿ ಹದಿಮೂರು ವರ್ಷ. ನೀನು ನೋಡಲು ಬಂದದ್ದು ಇದೇ ಮೊದಲು. ಪ್ರದರ್ಶನ ಮುಗಿದ ಮೇಲೆ ಮುಖದ ಬಣ್ಣವನ್ನೂ ಒರೆಸಿಕೊಳ್ಳದೆ ಮುಂಬಾಗಿಲಿಗೆ ಓಡಿ ಬಂದೆ. ಯಾರ್ಯಾರೋ ಬಂದು ಕೈ ಕುಲುಕಿದರು. ನೀನಿರಲಿಲ್ಲ.

ಬೇಜಾರಾಯಿತು, ಮುಚ್ಚಿಡುವುದಿಲ್ಲ. ಯಾಕೆಂದರೆ ಈ ನೃತ್ಯ ನಿನ್ನದು. ಆಸ್ಪತ್ರೆಯ ಲಾಂಡ್ರಿಯಲ್ಲಿ ನೀನೂ ಕಡ್ಡಿ ಚಿಕ್ಕಮ್ಮನೂ ಎದುರುಬದುರು ನಿಂತು ಚಾದರ ಮಡಿಸುತ್ತಿದ್ದಿರಲ್ಲ, ಒಬ್ಬೊಬ್ಬರ ಕೈಯಲ್ಲಿ ಎರಡೆರಡು ಮೂಲೆ, ಎರಡು ಹೆಜ್ಜೆ ಮುಂದೆ ಬಂದು ಮೂಲೆಗೆ ಮೂಲೆ ಸೇರಿಸಿ ಮತ್ತೆ ಎರಡು ಹೆಜ್ಜೆ ಹಿಂದೆ. ಅದನ್ನೇ ವೇದಿಕೆಗೆ ತಂದು 'ನಾಲ್ಕು ಮೂಲೆ' ಎಂದು ಹೆಸರಿಟ್ಟೆ. ಏಳು ವರ್ಷದವಳಿದ್ದಾಗ ಒಗೆದ ಬಟ್ಟೆಯ ಗಂಟಿನ ಮೇಲೆ ಕೂತು ನಾನು ನೋಡಿದ್ದೆಲ್ಲ ಅದರಲ್ಲಿದೆ. ನಿಮ್ಮ ಮೇಲ್ವಿಚಾರಕರು ಬಂದರೆ ಬೂಟು ಕಿರ್ರ್ ಎನ್ನುತ್ತಿತ್ತೆಂದು ಅವರಿಗೆ ಕಿರ್ರ್ ಸಾಹೇಬರು ಎಂದು ನೀನೇ ಹೆಸರಿಟ್ಟಿದ್ದೆ. ಅವರ ಹಾಗೆ ಎದೆ ಉಬ್ಬಿಸಿ, ಕೈ ಹಿಂದೆ ಕಟ್ಟಿ, ಬಾಯಲ್ಲೇ ಕಿರ್ರ್ ಕಿರ್ರ್ ಎನ್ನುತ್ತ ನಡೆದು ತೋರಿಸುತ್ತಿದ್ದೆ. ಕಡ್ಡಿ ಚಿಕ್ಕಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಲಾಂಡ್ರಿಯವರೆಲ್ಲ ನಿನ್ನನ್ನು 'ನಾಟಕದವಳು' ಎಂದೇ ಕರೆಯುತ್ತಿದ್ದರು. ವೇದಿಕೆಯ ಮೇಲೆ ನೀನಾಗಿ ನಡೆಯುವವಳು ನಾನೇ, ಕಡ್ಡಿ ಚಿಕ್ಕಮ್ಮನಾಗುವವಳು ನನ್ನ ತಂಡದ ಹುಡುಗಿ.

ಮನೆಯಲ್ಲಿ ನೀನು ನಕ್ಕದ್ದು ನನಗೆ ನೆನಪಿಲ್ಲ. ನಾನು ಬೀಳುವ ಹಾಗೆ ಕುಣಿದರೂ ನಗಲಿಲ್ಲ, ಬಹುಮಾನ ತಂದಾಗಲೂ ನಗಲಿಲ್ಲ. ನಗುವ ಅಮ್ಮ ಒಬ್ಬಳು ಲಾಂಡ್ರಿಯಲ್ಲಿದ್ದಳು. ಅವಳನ್ನು ಕಷ್ಟಪಟ್ಟು ಹುಡುಕಿ ತಂದು ನಿನ್ನೆದುರು ನಿಲ್ಲಿಸಿದರೆ, ಅವಳನ್ನೂ ಪೂರ್ತಿ ನೋಡದೆ ಎದ್ದು ಹೋದೆ. ಯಾಕೆ?

ನಿನ್ನ
ಗಿರಗಿಟ್ಲೆ


ಫೆಬ್ರವರಿ 27

ಗಿರಗಿಟ್ಲೆ,

ಏಳು ಗಂಟೆಯ ಬಸ್ಸು ತಪ್ಪುತ್ತಿತ್ತು, ಅದಕ್ಕೆ ಎದ್ದೆ. ಅದಕ್ಕೆ ಇಷ್ಟು ದೊಡ್ಡ ರಾಮಾಯಣ ಬೇಡ.

ನಾಲ್ಕು ಸಲ ಫೋನ್ ಮಾಡಿದೆಯೆಂದು ಪಕ್ಕದ ಮನೆಯವಳು ಹೇಳಿದಳು. ಮೂವತ್ತು ವರ್ಷ ಆ ಯಂತ್ರಗಳ ಮಗ್ಗುಲಲ್ಲಿ ನಿಂತ ಕಿವಿ ಇದು. ಫೋನಿನಲ್ಲಿ ಬರೀ ಗುಂಯ್ ಎನ್ನುತ್ತದೆ. ಹೇಳುವುದಿದ್ದರೆ ಕಾಗದ ಬರೆ.

ನೀನು ಕೇಳದಿದ್ದರೂ ಹೇಳುತ್ತೇನೆ, ಚಾದರವನ್ನು ಹಾಗೆ ಮಡಿಸುವುದಿಲ್ಲ. ಮೊದಲು ಒಂದು ಸಲ ಜೋರಾಗಿ ಕೊಡವಬೇಕು. ನೀವು ಕೊಡವಲೇ ಇಲ್ಲ. ನಿನ್ನ ಜೊತೆಯ ಹುಡುಗಿ ಮೂಲೆ ಹಿಡಿದಾಗ ಹೆಬ್ಬೆರಳು ಹೊರಗಿತ್ತು. ಹೆಬ್ಬೆರಳು ಒಳಗಿರಬೇಕು, ಆಗ ಮೂಲೆ ಜಾರುವುದಿಲ್ಲ. ಇನ್ನೊಂದು, ಮಡಿಸುವಾಗ ನೀವಿಬ್ಬರೂ ಮುಖ ಮುಖ ನೋಡಿಕೊಂಡು ಹಲ್ಲು ಕಿರಿಯುತ್ತೀರಿ. ಮಡಿಸುವವರು ಮುಖ ನೋಡುವುದಿಲ್ಲ, ಎದುರಿನವಳ ಕೈ ನೋಡುತ್ತಾರೆ. ದಿನಕ್ಕೆ ನಾನೂರು ಚಾದರ ಮಡಿಸುವವಳಿಗೆ ಎದುರಿನವಳ ಮುಖಕ್ಕಿಂತ ಅವಳ ಕೈ ಚೆನ್ನಾಗಿ ಗೊತ್ತಿರುತ್ತದೆ.

ನಡಿಗೆ ಸರಿಯಾಗಿತ್ತು. ನಾನೂ ಅಷ್ಟು ಚೆನ್ನಾಗಿ ನಡೆಯುತ್ತಿರಲಿಲ್ಲ.

ಆ ಹುಡುಗಿ ನೆಗೆಯುವ ಜಾಗ ಬಿಟ್ಟುಬಿಡು. ಮಂಡಿಗೆ ಒಳ್ಳೆಯದಲ್ಲ. ಅದಿಲ್ಲದಿದ್ದರೂ ಜನ ನೋಡುತ್ತಾರೆ.

ಆರೋಗ್ಯ ನೋಡಿಕೋ.

ಅಮ್ಮ


ಮಾರ್ಚ್ 15

ಅಮ್ಮಾ,

ಮಂಡಿಯ ಚಿಂತೆ ಬಿಡು. ಅವಳಿಗೆ ಇಪ್ಪತ್ತೆರಡು ವರ್ಷ, ಗೋಡೆ ಹಾರು ಎಂದರೂ ಹಾರುತ್ತಾಳೆ. ಹೆಬ್ಬೆರಳು ಒಳಗೆ ಹಾಕಿಸಿದ್ದೇನೆ. ಚಾದರ ಕೊಡವುವುದನ್ನೂ ಸೇರಿಸಿದ್ದೇನೆ. ಆ ಸದ್ದಿಗೇ ಜನ ನೆಟ್ಟಗೆ ಕೂರುತ್ತಾರೆ, ಅದು ನಿನ್ನ ಕೊಡುಗೆ.

ಆದರೆ ನೆಗೆತ ತೆಗೆಯಲಾರೆ. ನೃತ್ಯದ ಜೀವವೇ ಅದು. ಪತ್ರಿಕೆಯ ವಿಮರ್ಶಕ ಅದೊಂದರ ಬಗ್ಗೆಯೇ ಕಾಲು ಪುಟ ಬರೆದಿದ್ದಾನೆ, ಕತ್ತರಿಸಿ ಇದರ ಜೊತೆ ಇಟ್ಟಿದ್ದೇನೆ. 'ಕೈ ಮುಂದೆ ಹೋಗುತ್ತೇನೆಂದು ಹಟ ಹಿಡಿದಿದೆ, ಕಾಲು ಹಿಂದೆ ಓಡುತ್ತೇನೆಂದು ಹಟ ಹಿಡಿದಿದೆ. ಒಂದೇ ಮೈಯೊಳಗೆ ಇಬ್ಬರು ಜಗಳಗಂಟರು. ಹಾಸ್ಯ ಹುಟ್ಟುವುದು ಈ ಎಳೆದಾಟದಲ್ಲಿ' ಎನ್ನುತ್ತಾನೆ. ಪರದೆಯ ಹಿಂದಿನಿಂದ ಒಬ್ಬರು ಚಾದರ ಎಳೆಯುತ್ತಾರೆ ಅಷ್ಟೇ, ಅದು ಅವನಿಗೆ ಗೊತ್ತಾಗಿಲ್ಲ.

ಅವನಿಗೆ ಗೊತ್ತಾಗದ ಇನ್ನೊಂದು ವಿಷಯ ನಿನಗೆ ಹೇಳುತ್ತೇನೆ. ಮೊದಲ ಸಲ ಅವಳು ನೆಗೆದಾಗ ಯಾರೂ ನಗುವುದಿಲ್ಲ, ಏನಾಯಿತೆಂದು ನೋಡುತ್ತಾರೆ. ಎರಡನೆಯ ಸಲ ಅಲ್ಲೊಬ್ಬರು ಇಲ್ಲೊಬ್ಬರು. ಮೂರನೆಯ ಸಲ ಅವಳ ಕಾಲು ಇನ್ನೂ ನೆಲದಲ್ಲಿರುವಾಗಲೇ ನಗು ಬಂದುಬಿಡುತ್ತದೆ. ಅಷ್ಟು ಹೊತ್ತೂ ನಾನು ಅವಳಿಗೆ ಬೆನ್ನು ಹಾಕಿ ಕಿರ್ರ್ ಕಿರ್ರ್ ಎಂದು ನಡೆಯುತ್ತಲೇ ಇರಬೇಕು. ತಾಲೀಮಿನಲ್ಲಿ ಒಮ್ಮೆ ಮರೆತು ತಿರುಗಿ ನೋಡಿದೆ. ನಗು ಅಲ್ಲೇ ಸತ್ತುಹೋಯಿತು. ನೋಡದೆ ನಡೆಯುವವಳಿಂದಲೇ ಅದು ಹಾಸ್ಯ.

ಇದನ್ನು ನಾನು ಕಲ್ಪಿಸಿಕೊಂಡದ್ದಲ್ಲ. ಕಣ್ಣಾರೆ ನೋಡಿದ್ದೇನೆ. ಆ ದಿನ ನೀನು ಸಾಹೇಬರ ನಡಿಗೆ ನಡೆಯುತ್ತಿದ್ದೆ. ಕಡ್ಡಿ ಚಿಕ್ಕಮ್ಮ ಒದ್ದೆ ಚಾದರವನ್ನು ಇಸ್ತ್ರಿಯ ಬಿಸಿ ರೋಲರಿಗೆ ಕೊಡುತ್ತ ನಗುತ್ತಿದ್ದಳು. ಇದ್ದಕ್ಕಿದ್ದಂತೆ ಕೂಗಿ ನೆಗೆದಳು. ನಾನು ಗಂಟಿನ ಮೇಲಿಂದ ಉರುಳುವಷ್ಟು ನಕ್ಕೆ. ಆಮೇಲೆ ಯಾರೋ ನನ್ನನ್ನು ಎತ್ತಿಕೊಂಡು ಹೊರಗೆ ಹೋಗಿ ಬಿಸ್ಕತ್ತು ಕೊಟ್ಟರು. ಅಷ್ಟು ಚೆಂದದ ದಿನ ನನ್ನ ಬಾಲ್ಯದಲ್ಲಿ ಇನ್ನೊಂದಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಅವಳು ಊರಿಗೆ ಹೋದಳು ಎಂದು ನೀನು ಹೇಳಿದ್ದೆ. ಯಾವ ಊರು ಅಮ್ಮ?

ಗಿರಗಿಟ್ಲೆ


ಏಪ್ರಿಲ್ 2

ಗಿರಗಿಟ್ಲೆ,

ನಿನ್ನ ವಿಮರ್ಶಕ ಜಾಣ. ಒಂದು ದಿನ ಬಂದು ರೋಲರಿನ ಮುಂದೆ ನಿಲ್ಲಲಿ, ಎಳೆದಾಟ ಎಂದರೆ ಏನೆಂದು ತಿಳಿಯುತ್ತದೆ. ಅವನ ಕಾಗದವನ್ನು ಒಲೆಗೆ ಹಾಕಿದೆ.

ಕಡ್ಡಿಯ ಊರು ನನಗೆ ಗೊತ್ತಿಲ್ಲ. ಹುಡುಕಲು ಹೋಗಬೇಡ. ಅವಳ ಪಾಡಿಗೆ ಅವಳಿರಲಿ.

ನಿನ್ನಮ್ಮ ಲಾಂಡ್ರಿಯಲ್ಲಿ ನಾಟಕ ಆಡುತ್ತಿದ್ದಳೆಂದು ಊರಿಗೆಲ್ಲ ಡಂಗುರ ಹೊಡೆದು ಚಪ್ಪಾಳೆ ಗಿಟ್ಟಿಸಿಕೊಂಡೆ. ಸಾಲದೇ? ಬೇರೆ ಏನಾದರೂ ಕುಣಿ. ಜಗತ್ತಿನಲ್ಲಿ ಕುಣಿಯಲು ಬೇರೆ ಏನೂ ಸಿಗಲಿಲ್ಲವೇ?

ಅಮ್ಮ


ಜೂನ್ 20

ಅಮ್ಮಾ,

ನಿನ್ನ ಹಿಂದಿನ ಕಾಗದಕ್ಕೆ ಉತ್ತರ ಬರೆಯಬಾರದೆಂದೇ ಇದ್ದೆ. ಎರಡೂವರೆ ತಿಂಗಳು ಹಾಗೇ ಇದ್ದೆ. ನೀನೂ ಬರೆಯಲಿಲ್ಲ. ಹಟದಲ್ಲಿ ನಾವಿಬ್ಬರೂ ಒಂದೇ ಅಚ್ಚು.

ಈಗ ಒಳ್ಳೆಯ ಸುದ್ದಿ ಇದೆ, ಕೋಪ ಬದಿಗಿಡು. ಜುಲೈ ಐದಕ್ಕೆ ಇಲ್ಲಿನ ದೊಡ್ಡ ರಂಗಮಂದಿರದಲ್ಲಿ 'ನಾಲ್ಕು ಮೂಲೆ' ಆಡುತ್ತಿದ್ದೇವೆ. ಟಿಕೆಟ್ ಎಲ್ಲ ಈಗಲೇ ಮುಗಿದಿವೆ. ಅಷ್ಟೇ ಅಲ್ಲ. ನೀನು ಬೇಡವೆಂದರೂ ನಾನು ಕಡ್ಡಿ ಚಿಕ್ಕಮ್ಮನನ್ನು ಹುಡುಕಿದೆ. ಲಾಂಡ್ರಿಯಲ್ಲಿ ಈಗಿರುವ ಗುಮಾಸ್ತೆ ಪಾಪ ಒಳ್ಳೆಯವಳು, ಹಳೆಯ ರಿಜಿಸ್ಟರ್ ತೆಗೆದು ವಿಳಾಸ ಕೊಟ್ಟಳು. ಚಿಕ್ಕಮ್ಮನಿಗೆ ಕಾಗದ ಬರೆದೆ, ನಾನು ಇಂಥವಳ ಮಗಳು, ನಿಮ್ಮಿಬ್ಬರ ಮೇಲೆ ನೃತ್ಯ ಮಾಡಿದ್ದೇನೆ, ದಯವಿಟ್ಟು ಬನ್ನಿ ಎಂದು. ಒಂದು ಕಾರ್ಡಿನಲ್ಲಿ 'ಬರುತ್ತೇನೆ' ಎಂದಷ್ಟೇ ಉತ್ತರ ಬಂತು. ಅಕ್ಷರ ಒಂದೊಂದೂ ಒಂದೊಂದು ದಿಕ್ಕಿಗೆ, ಈಗಷ್ಟೇ ಬರೆಯಲು ಕಲಿತ ಮಗುವಿನ ಹಾಗೆ. ವಯಸ್ಸಾಯಿತಲ್ಲ.

ನಿಮ್ಮಿಬ್ಬರಿಗೂ ಮುಂದಿನ ಸಾಲಿನಲ್ಲಿ ಜಾಗ ಇಟ್ಟಿದ್ದೇನೆ. ಕೊನೆಯಲ್ಲಿ ನಿಮ್ಮಿಬ್ಬರನ್ನೂ ವೇದಿಕೆಗೆ ಕರೆದು ಚಾದರದ ನಾಲ್ಕು ಮೂಲೆ ನಿಮ್ಮ ಕೈಗೇ ಕೊಡುತ್ತೇನೆ. ಜನರ ಮುಂದೆ ಒಂದೇ ಒಂದು ಚಾದರ ಮಡಿಸಿ ತೋರಿಸಿ. ಟಿಕೆಟ್ ಇದರೊಳಗಿದೆ. ಈ ಸಲ ಬಸ್ಸಿನ ನೆಪ ಹೇಳಬೇಡ.

ಗಿರಗಿಟ್ಲೆ


ಜುಲೈ 1

ಮಗಳೇ,

ಈ ಕಾಗದ ಐದನೇ ತಾರೀಖಿನೊಳಗೆ ನಿನ್ನ ಕೈ ಸೇರುವುದಿಲ್ಲ. ಅದು ಗೊತ್ತಿದ್ದೇ ಇವತ್ತಿನವರೆಗೆ ತಡ ಮಾಡಿದೆನೋ ಏನೋ. ಪಕ್ಕದ ಮನೆಯವಳ ಕೈಯಲ್ಲಿ ಫೋನ್ ಮಾಡಿಸಬಹುದಿತ್ತು. ಇದನ್ನು ಅವಳ ಬಾಯಲ್ಲಿ ಹೇಳಿಸಲು ನನಗೆ ಧೈರ್ಯ ಬರಲಿಲ್ಲ.

ಕಡ್ಡಿ ನೆಗೆದದ್ದಲ್ಲ. ರೋಲರ್ ಅವಳ ಬಲಗೈಯನ್ನು ಒಳಕ್ಕೆ ಎಳೆದುಕೊಂಡಿತು.

ಚಾದರ ಕೊಡುವಾಗ ಕೈ ಒಳಗೆ ಹೋಗದಂತೆ ರೋಲರಿನ ಬಾಯಿಗೆ ಒಂದು ಕಂಬಿ ಇರುತ್ತದೆ. ಅದು ಮುರಿದು ತಿಂಗಳಾಗಿತ್ತು. ಅದಕ್ಕೇ ಅಲ್ಲಿ ನಿಂತವಳು ಕೈ ಮೇಲಿಂದ ಕಣ್ಣು ತೆಗೆಯುವಂತಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾಟಕ ಆಡಿದೆ. ಅವಳು ನನ್ನನ್ನು ನೋಡಿ ನಕ್ಕಳು. ಅವಳ ಕೂಗು ನನಗೆ ಕೇಳಿಸಿತು, ಆಗ ಕಿವಿ ಚೆನ್ನಾಗಿತ್ತು. ನಗು ಎಂದುಕೊಂಡೆ. ನೀನು ಬೇರೆ ಕೇಕೆ ಹಾಕಿ ನಗುತ್ತಿದ್ದೆ. ನನ್ನ ಆಟ ಇಬ್ಬರಿಗೂ ಹಿಡಿಸಿತೆಂದು ಹಿಂದೆ ತಿರುಗದೆ ಇನ್ನೂ ನಾಲ್ಕು ಹೆಜ್ಜೆ ನಡೆದೆ. ಯಂತ್ರ ನಿಲ್ಲಿಸುವ ಕೆಂಪು ಗುಂಡಿ ನಾನು ಹೊರಟ ಜಾಗದಲ್ಲೇ ಇತ್ತು. ವೇದಿಕೆಯ ಮೇಲೆ ಒಂದೊಂದು ನೆಗೆತಕ್ಕೂ ನೀನು ನಡೆದದ್ದು ನಾಲ್ಕೇ ಹೆಜ್ಜೆ. ಎಣಿಸಿದೆ. ಆಮೇಲೆ ಎದ್ದೆ.

ಇಷ್ಟೇ ಆಗಿದ್ದರೆ ನಿನಗೆ ಎಂದೋ ಹೇಳುತ್ತಿದ್ದೆ. ಮೂರನೆಯ ದಿನ ಕಿರ್ರ್ ಸಾಹೇಬರು ಒಂದು ಹಾಳೆ ತಂದರು. ಕೆಲಸದ ಹೊತ್ತಿನಲ್ಲಿ ಆಕೆ ಒಬ್ಬಳೇ ಇದ್ದಳು, ತನ್ನಷ್ಟಕ್ಕೆ ತಾನೇ ನಗುತ್ತಿದ್ದುದರಿಂದ ಗಮನ ತಪ್ಪಿತು, ಕೂಗು ಕೇಳಿ ನಾನು ಹೊರಗಿನಿಂದ ಓಡಿ ಬಂದೆ, ಹೀಗೆ ಅದರಲ್ಲಿ ಬರೆದಿತ್ತು. ಕಂಬಿಯ ಸುದ್ದಿ ಇರಲಿಲ್ಲ. ಸಾಹೇಬರು ಬಹಳ ಮೆತ್ತಗೆ ಮಾತಾಡಿದರು. "ನೋಡಮ್ಮ, ನೀನು ಅಲ್ಲಿದ್ದೆ ಅಂತ ಬರೆದ್ರೆ, ಅಲ್ಲಿ ಏನ್ ಮಾಡ್ತಿದ್ದೆ ಅಂತಾನೂ ಬರೀಬೇಕಾಗುತ್ತೆ. ಮಗೂನ ಬೇರೆ ಒಳಗೆ ಕೂರಿಸ್ಕೊಂಡಿದ್ದೆ" ಎಂದರು. ನಿಮ್ಮಪ್ಪ ಸತ್ತು ವರ್ಷ ತುಂಬಿರಲಿಲ್ಲ. ಇದು ನೆಪವಲ್ಲ ಎಂದು ನಾನು ಹೇಳುವುದಿಲ್ಲ. ಸಹಿ ಹಾಕಿದೆ.

ತಪ್ಪೆಲ್ಲ ಅವಳದೇ ಎಂದಾಯಿತು. ಕೆಲಸದಿಂದ ತೆಗೆದರು. ಅದೇ ಆಸ್ಪತ್ರೆಯಲ್ಲಿ, ನಮ್ಮಿಂದ ಎರಡು ಮಹಡಿ ಮೇಲೆ ಅವಳು ಐದು ವಾರ ಮಲಗಿದ್ದಳು. ನಾನು ಮೆಟ್ಟಿಲು ಹತ್ತಲಿಲ್ಲ. ಅವಳು ಕೇಳಿ ಕಳಿಸಿದರೆ ನನಗೆ ಹುಷಾರಿಲ್ಲ ಎಂದು ಹೇಳಿಸುತ್ತಿದ್ದೆ. ಹೊಸಬಳೊಬ್ಬಳ ಜೊತೆ ನಿಂತು ಚಾದರ ಮಡಿಸುತ್ತಿದ್ದೆ. ಅವಳ ಹಾಸಿಗೆಗೆ ಹೋದ ಚಾದರವನ್ನೂ ನಾನೇ ಮಡಿಸಿರುತ್ತೇನೆ.

ಆಮೇಲೆ ನನಗೆ ನಗಲು ಬರಲಿಲ್ಲ. ನಿನಗೆ ಬೇಕಾದ ಕಾರಣ ಇದೇ. ನಾನು ಬರುವುದಿಲ್ಲ. ಈ ನೃತ್ಯ ನಿಲ್ಲಿಸಿಬಿಡು. ಕಡ್ಡಿಗೆ ನೋವಾಗುತ್ತದೆ.

ಅಮ್ಮ


ಜುಲೈ 6

ಅಮ್ಮಾ,

ನಿನ್ನ ಕುರ್ಚಿ ಖಾಲಿ ಇತ್ತು. ಇರಲಿ, ಅಭ್ಯಾಸವಾಗಿದೆ.

ಕಡ್ಡಿ ಚಿಕ್ಕಮ್ಮ ಬಂದಿದ್ದಳು. ಆ ಹೆಸರು ಈಗಲೂ ಅವಳಿಗೆ ಒಪ್ಪುತ್ತದೆ, ಅಷ್ಟೇ ತೆಳು, ಅಷ್ಟೇ ನೆಟ್ಟಗೆ. ತುಂಬಿದ ಸಭಾಂಗಣದ ಸೆಖೆಯಲ್ಲೂ ದಪ್ಪ ಶಾಲು ಹೊದ್ದು ಕೂತಿದ್ದಳು. ನಿನ್ನೆಯಷ್ಟು ಜನ ಯಾವತ್ತೂ ನಕ್ಕಿರಲಿಲ್ಲ. ಮೂರನೆಯ ನೆಗೆತಕ್ಕೆ ಒಬ್ಬ ಮುದುಕ ಕುರ್ಚಿಯಿಂದ ಜಾರಿದ. ಕೊನೆಗೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವಳು ಮಾತ್ರ ಕೂತೇ ಇದ್ದಳು, ತಟ್ಟಲಿಲ್ಲ. ವೇದಿಕೆಗೆ ಕರೆದೆ, ಬರಲಿಲ್ಲ. ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಎಲ್ಲರೂ ಹೋದ ಮೇಲೆ ಕೆಳಗಿಳಿದು ಬಂದು ಪಕ್ಕದಲ್ಲಿ ಕೂತೆ.

"ಹೇಗಿತ್ತು ಚಿಕ್ಕಮ್ಮ?" ಎಂದೆ.

"ಮೂರು ಸಲ ಅಲ್ಲಮ್ಮ. ಒಂದೇ ಸಲ" ಎಂದಳು.

"ಒಂದು ಸಲಕ್ಕೆ ಜನ ನಗಲ್ಲ ಚಿಕ್ಕಮ್ಮ" ಎಂದೆ.

"ನಕ್ಕರಲ್ಲ, ಆವತ್ತು" ಎಂದಳು.

ಆಮೇಲೆ ಖಾಲಿ ಕುರ್ಚಿ ತೋರಿಸಿ, "ನಿಮ್ಮಮ್ಮ ಬರ್ಲಿಲ್ವಾ?" ಎಂದಳು. ಏನು ಹೇಳಲಿ? ಹುಷಾರಿಲ್ಲ ಎಂದೆ. "ಹೂಂ. ಆಗ್ಲೂ ಹಾಗೇ ಹೇಳಿದ್ರು" ಎಂದು ಎದ್ದು ಹೋದಳು.

ನಿಮ್ಮ ಕಾಲದ ಹೆಂಗಸರಿಗೆ ಒಂದು ಒಳ್ಳೆಯ ಮಾತು ಹೇಳಿದರೆ ಗಂಟೇನು ಹೋಗುತ್ತದೋ ನನಗೆ ತಿಳಿಯದು.

ಗಿರಗಿಟ್ಲೆ


ಜುಲೈ 15

ಅಮ್ಮಾ,

ನಿನ್ನ ಜುಲೈ ಒಂದರ ಕಾಗದ ಎಂಟಕ್ಕೆ ಬಂತು. ಉತ್ತರ ಬರೆಯಲು ಕೂತು ಒಂದು ವಾರ ಏಳಲಾಗಲಿಲ್ಲ.

ಒಂದು ಸಲಕ್ಕೆ ಜನ ನಗಲ್ಲ ಎಂದು ನಾನು ಅವಳಿಗೆ ಪಾಠ ಹೇಳಿದೆ. ಅವಳಿಗೆ. ಶಾಲಿನೊಳಗೆ ಇದ್ದದ್ದೇನೆಂದು ತಿಳಿಯದೆ, ಚಪ್ಪಾಳೆ ತಟ್ಟಲಿಲ್ಲವೆಂದು ಮುನಿಸಿಕೊಂಡೆ. ನೆನೆದರೆ ನಾಲಗೆ ಕಚ್ಚಿಕೊಳ್ಳುವ ಹಾಗಾಗುತ್ತದೆ.

ನಾನು ನಕ್ಕಿದ್ದೆ, ಸರಿ. ಆಗ ನನಗೆ ಏಳು ವರ್ಷ. ಆದರೆ ಅದನ್ನು ಇಪ್ಪತ್ನಾಲ್ಕು ವರ್ಷ ನನ್ನ ಬಾಲ್ಯದ ಅತಿ ಚೆಂದದ ದಿನವೆಂದು ಎದೆಗೊತ್ತಿಕೊಂಡು ತಿರುಗಲು ಬಿಟ್ಟೆಯಲ್ಲ. ಫೆಬ್ರವರಿಯಲ್ಲಿ ಹೇಳಬಹುದಿತ್ತು. ಹೆಬ್ಬೆರಳು ಒಳಗಿರಬೇಕು ಎಂದು ಬರೆದೆ. ಮಂಡಿಗೆ ಒಳ್ಳೆಯದಲ್ಲ ಎಂದು ಬರೆದೆ.

ಮೊನ್ನೆ ತಾಲೀಮಿನಲ್ಲಿ ಒಂದೇ ನೆಗೆತ ಮಾಡಿಸಿ, ನಾಲ್ಕನೆಯ ಹೆಜ್ಜೆಗೆ ನಾನು ತಿರುಗಿ ನೋಡಿದೆ. ಮೇಲಿನಿಂದ ದೀಪ ಹಾಕುವವನು ಕೂಗಿದ, "ಮೇಡಂ, ಇದ್ಯಾಕೆ ಹೀಗಾಯ್ತು? ನಗು ಎಲ್ಲಿ ಹೋಯ್ತು?" ದೀಪ ಆರಿಸು ಎಂದೆ.

ನಿಲ್ಲಿಸು, ಕಡ್ಡಿಗೆ ನೋವಾಗುತ್ತದೆ ಎಂದಿದ್ದೀಯ. ನಿಜವಾಗಿಯೂ ಅವಳಿಗಾಗಿ ಹೇಳುತ್ತಿದ್ದೀಯಾ? ಆಗಸ್ಟಿನ ಎರಡು ಪ್ರದರ್ಶನ ರದ್ದು ಮಾಡಿದ್ದೇನೆ. ಆದರೆ ಆಡುವುದೋ ಬಿಡುವುದೋ ಎಂದು ಹೇಳಬೇಕಾದವಳು ನೀನಲ್ಲ, ನಾನೂ ಅಲ್ಲ. ಅವಳಿಗೆ ಕ್ಷಮೆ ಕೇಳಿ ಬರೆದಿದ್ದೇನೆ. ನೀನೂ ಬರೆ. ವಿಳಾಸ ಹಿಂದಿನ ಪುಟದಲ್ಲಿದೆ. ಊರು ಗೊತ್ತಿಲ್ಲ ಎಂದು ಇನ್ನು ಹೇಳುವ ಹಾಗಿಲ್ಲ.

ಮಗಳು


ಸೆಪ್ಟೆಂಬರ್ 2

ನಾಟಕದವಳೇ,

ನಿನ್ನ ಕಾಗದ ಬಂತು. ಇಪ್ಪತ್ನಾಲ್ಕು ವರ್ಷಕ್ಕೆ ಒಂದು. ಆರು ಪುಟ ಇತ್ತು. ಎಲ್ಲದರಲ್ಲೂ ನಿನ್ನ ಸಂಕಟವೇ. ನಾನು ಎಡಗೈಯಲ್ಲಿ ಬರೆಯುವವಳು, ಅಷ್ಟುದ್ದ ಬರೆಯಲಾರೆ.

ನಿನ್ನ ಮಗಳೂ ಬರೆದಿದ್ದಾಳೆ, ಕ್ಷಮಿಸಿ ಎಂದು. ಏಳು ವರ್ಷದ ಮಗು ನಕ್ಕರೆ ಅದಕ್ಕೆ ಕ್ಷಮೆ ಏನು? ಆ ದಿನ ಅಲ್ಲಿ ಸರಿಯಾಗಿ ನೋಡಿದವಳು ಅವಳೊಬ್ಬಳೇ.

ನೃತ್ಯ ನಿಲ್ಲಿಸು ಎಂದೆಯಂತೆ, ನನಗೆ ನೋವಾಗುತ್ತದೆ ಎಂದು. ನನ್ನ ನೋವಿನ ಮಾತು ನೀನು ಆಡಬೇಡ.

ಆ ಹಾಳೆಯನ್ನು ನನಗೂ ಓದಿ ಹೇಳಿದ್ದರು, ಹಾಸಿಗೆಯ ಪಕ್ಕ ನಿಂತು. ಅದರಲ್ಲಿ ನಾನು ಒಬ್ಬಳೇ ಇದ್ದೆ. ಯಾರೂ ಇಲ್ಲದ ಕೋಣೆಯಲ್ಲಿ ಒಬ್ಬಳೇ ನಿಂತು ನಗುವ ಹುಚ್ಚಿ. ಇಲ್ಲ, ಅಲ್ಲಿ ಇನ್ನೊಬ್ಬಳಿದ್ದಳು ಎಂದೆ, ಯಾರೂ ನಂಬಲಿಲ್ಲ. ನನ್ನ ಗಂಡನೂ ನಂಬಲಿಲ್ಲ. ವರ್ಷ ಕಳೆದ ಹಾಗೆ ನನಗೇ ಅನುಮಾನ ಬರತೊಡಗಿತ್ತು, ಒಬ್ಬಳೇ ಇದ್ದೆನೇನೋ ಎಂದು. ನಿನ್ನ ಮಗಳ ವೇದಿಕೆಯ ಮೇಲೆ ಇಬ್ಬರಿದ್ದರು. ಅಷ್ಟು ಜನ ನೋಡಿದರು. ನೀನು ಅಲ್ಲಿದ್ದೆ. ನನಗೆ ಬೆನ್ನು ಹಾಕಿ ನಡೆಯುತ್ತಿದ್ದೆ.

ಜನ ನಗಲಿ ಬಿಡು. ನಗುತ್ತಲಾದರೂ ನೋಡುತ್ತಾರೆ.

ಮಗಳಿಗೆ ಬರೆದಿದ್ದೇನೆ. ನಿಲ್ಲಿಸಬೇಡ, ನೆಗೆತ ಒಂದೇ ಸಲ ಇರಲಿ, ನಿಮ್ಮಮ್ಮನ ನಾಲ್ಕು ಹೆಜ್ಜೆಯಲ್ಲಿ ಒಂದನ್ನೂ ಕಡಿಮೆ ಮಾಡಬೇಡ, ತಿರುಗಿಯೂ ನೋಡಬೇಡ ಎಂದು. ಅಕ್ಟೋಬರ್ ಹತ್ತಕ್ಕೆ ನಿಮ್ಮ ಊರಿನಲ್ಲೇ ಆಡುತ್ತಾಳಂತೆ. ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಇಡಲು ಹೇಳಿದ್ದೇನೆ. ನೀನು ನನ್ನ ಬಲಗಡೆ ಕೂರು. ಜನ ನಗುವಾಗ ಎದ್ದು ಹೋಗಬೇಡ.

ಕಡ್ಡಿ